ಮೊಬೈಲು ಅದುರಿದರೆ ಏನರ್ಥ?

ಚಳ್ಳಕೆರೆಯ ಎಣ್ಣೆ ಗಿರಣಿಯ ಸದ್ದಿನಲ್ಲಿ ಮೊಬೈಲಿನ ಗಂಟೆ ಕೇಳದು. ಜೇಬಿನಲ್ಲಿ ಅದು ಅದುರಿದರೆ ಮಾತ್ರ ತಿಳಿಯುತ್ತದೆ. ಮೊಳಕಾಲ್ಮೂರಿನ ನೇಕಾರರಿಗೆ ಇದು ಹೊಸತಲ್ಲ. ಮಗ್ಗದ ಸದ್ದಿನ ನಡುವೆ ರೇಷ್ಮೆ ಎಳೆಯ ಬಿಗಿಯನ್ನು ಅವರಿಗೆ ಹೇಳುವುದು ಬೆರಳೇ.

ಈ ಅದುರು ಎಲ್ಲಿಂದ ಬರುತ್ತದೆ? ಮೊಬೈಲಿನೊಳಗೆ ಪುಟ್ಟ ಮೋಟಾರೊಂದಿದೆ. ಅದರ ಅಚ್ಚಿಗೆ ಒಂದೇ ಪಕ್ಕದಲ್ಲಿ ತೂಕ ಕೂರಿಸಿರುತ್ತಾರೆ. ಚಕ್ರದ ಒಂದು ಕಡೆಗೆ ಕಲ್ಲು ಕಟ್ಟಿ ತಿರುಗಿಸಿದರೆ ಗಾಡಿಯೇ ಕುಲುಕುವುದಿಲ್ಲವೇ, ಹಾಗೆ. ಬೆಲೆಬಾಳುವ ಮೊಬೈಲುಗಳಲ್ಲಿ ತಿರುಗುವ ಮೋಟಾರಿನ ಬದಲು ಸ್ಪ್ರಿಂಗಿಗೆ ಕಟ್ಟಿದ ತೂಕವಿರುತ್ತದೆ. ತಂತಿ ಸುರುಳಿ ಮತ್ತು ಅಯಸ್ಕಾಂತ ಸೇರಿ ಅದನ್ನು ಅತ್ತಿತ್ತ ಎಳೆಯುತ್ತವೆ. ಸೆಕೆಂಡಿಗೆ ಸುಮಾರು 200ರಿಂದ 250 ಸಲ ಅದುರಿದರೆ ನಮ್ಮ ಚರ್ಮಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಗಾಜಿನ ಮೇಲೆ ಬೆರಳಿಟ್ಟಾಗ 'ಟಕ್' ಎನ್ನುವುದೂ ಇದೇ. ಅಲ್ಲಿ ಗುಂಡಿ ಇಲ್ಲ, ಗುಂಡಿ ಒತ್ತಿದಂತೆ ತೋರುತ್ತದೆ ಅಷ್ಟೆ.

ಪಂಪ್‌ಸೆಟ್ಟನ್ನು ಮೊಬೈಲಿನಿಂದ ಚಾಲೂ ಮಾಡುವ ರೈತ ಬಾಂಧವರು ಇಲ್ಲಿ ಎಚ್ಚರ ವಹಿಸಬೇಕು. 'ಟಕ್' ಎಂದರೆ ನಿಮ್ಮ ಬೆರಳು ಮೊಬೈಲಿಗೆ ತಿಳಿಯಿತು ಎಂದಷ್ಟೇ ಅರ್ಥ. ಹೊಲದಲ್ಲಿ ಕರೆಂಟು ಇದೆಯೇ, ಬೋರ್‌ವೆಲ್‌ನಲ್ಲಿ ನೀರಿದೆಯೇ, ಅದಕ್ಕೆ ಗೊತ್ತಿಲ್ಲ. ನೀರಿಲ್ಲದೆ ಓಡಿದ ಮೋಟಾರು ಸುಟ್ಟುಹೋಗಬಹುದು. ಸ್ಟಾರ್ಟರಿನಿಂದ ಮರುಸಂದೇಶ ಬರುವವರೆಗೆ ಕಾಯಿರಿ. ಆಗುವುದಾದರೆ ಹೋಗಿ ನೀರು ನೋಡಿ ಬನ್ನಿ. ಶೇಂಗಾ ಮಾರಿದಾಗಲೂ ಅಷ್ಟೇ. ಕೊಂಡವರ ಮೊಬೈಲು ಅದುರಿತೆಂದು ಚೀಲ ಎತ್ತಿಸಬೇಡಿ, ನಿಮ್ಮ ಖಾತೆಗೆ ಹಣ ಬಂದಿದೆಯೇ ನೋಡಿ.

ಬ್ಯಾಟರಿ ಸ್ವಲ್ಪ ಉಳಿಯಲೆಂದು ಬೆರಳಿನ 'ಟಕ್' ನಿಲ್ಲಿಸಬಹುದು. ಕಣ್ಣು ಮಂಜಾದ ಹಿರಿಯರ ಮೊಬೈಲಿನಲ್ಲಿ ಮಾತ್ರ ಅದು ಇರಲಿ.