ಜುಬೈಲಿನಲ್ಲಿ ಸಂಸಾರವೋ, ಮಂಗಳೂರಿನಲ್ಲಿ ಮನೆಯೋ?

ನಮ್ಮ ಬ್ಯಾರಿ ಮನೆಗಳಲ್ಲಿ ಹುಡುಗನಿಗೆ ಮದುವೆಯಾಗಿ ವರ್ಷ ಎರಡು ಕಳೆಯುವಾಗ ಏಳುವ ಪ್ರಶ್ನೆ ಒಂದೇ. ಫ್ಯಾಮಿಲಿಯನ್ನು ಅಲ್ಲಿಗೆ ಕರೆಸಿಕೊಳ್ಳುವುದಾ, ಇಲ್ಲೇ ಬಿಡುವುದಾ? ಉತ್ತರ ಹೇಳುವವರಿಗೆ ಬರವಿಲ್ಲ. 'ಅಲ್ಲಿ ಬಾಡಿಗೆ, ಲೆವಿ ಕಟ್ಟಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ' ಎಂದು ಒಬ್ಬರು. 'ಊರಿನಲ್ಲಿ ಖರ್ಚು ಕಡಿಮೆ ಅಂತ ಯಾರು ಹೇಳಿದ್ದು?' ಎಂದು ಇನ್ನೊಬ್ಬರು. ಇಬ್ಬರ ಮಾತೂ ಅರ್ಧ ಸರಿ. ಯಾಕೆಂದರೆ ಇಬ್ಬರೂ ಒಂದೊಂದು ಊರಿನ ಖರ್ಚು ಮಾತ್ರ ಹೇಳುತ್ತಾರೆ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಇರುವ ಮನೆಗೆ ಎರಡೂ ಊರಿನ ಲೆಕ್ಕ ಬೇಕು.

ಜುಬೈಲನ್ನೇ ತೆಗೆದುಕೊಳ್ಳಿ. ಸೌದಿಯ ಪೂರ್ವ ಪ್ರಾಂತ್ಯದ ಈ ಊರು ಮೊದಲು ಮೀನುಗಾರರದ್ದು. 1975ರಲ್ಲಿ ರಾಯಲ್ ಕಮಿಷನ್ ಆದ ಮೇಲೆ ದೊಡ್ಡ ಕೈಗಾರಿಕಾ ನಗರವಾಯಿತು. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಅಲ್ಲಿನ ದುಡಿಮೆಯಿಂದ. ಸಂಬಳಕ್ಕೆ ಅಲ್ಲಿ ಆದಾಯ ತೆರಿಗೆ ಇಲ್ಲ. ರಿಯಾಲ್ ಡಾಲರಿಗೆ 3.75ರಂತೆ ಕಟ್ಟಿಕೊಂಡಿರುವುದರಿಂದ, ರೂಪಾಯಿ ಇಳಿದಾಗಲೆಲ್ಲ ಊರಿಗೆ ಕಳಿಸುವ ಹಣ ಹೆಚ್ಚಿದಂತೆ ಕಾಣುತ್ತದೆ.

ಆದರೆ 2017ರ ಜುಲೈಯಲ್ಲಿ ಲೆಕ್ಕ ಬದಲಾಯಿತು. ಅಲ್ಲಿರುವ ಹೆಂಡತಿ, ಮಕ್ಕಳು ಒಬ್ಬೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಲೆವಿ ಬಂತು. ವರ್ಷಕ್ಕೆ ನೂರರಂತೆ ಏರಿ 2020ರ ಜುಲೈಗೆ 400 ಆಯಿತು. ಅದೇ ತಿಂಗಳು ವ್ಯಾಟ್ ಶೇ. 5ರಿಂದ 15ಕ್ಕೆ ಏರಿತು. ಹೆಂಡತಿ ಮತ್ತು ಮೂರು ಮಕ್ಕಳಿದ್ದರೆ ತಿಂಗಳಿಗೆ 1,600 ರಿಯಾಲ್, ವರ್ಷಕ್ಕೆ 19,200. ರಿಯಾಲಿಗೆ 22 ರೂಪಾಯಿ ಹಿಡಿದರೂ ನಾಲ್ಕು ಲಕ್ಷ ದಾಟುತ್ತದೆ. ಅದೂ ಇಕಾಮ ನವೀಕರಿಸುವಾಗ ಮುಂಗಡವಾಗಿ ಕಟ್ಟಬೇಕು. 5,000 ರಿಯಾಲ್ ಸಂಬಳದವನಿಗೆ ನೂರಕ್ಕೆ 32 ಅಲ್ಲೇ ಹೋಯಿತು. ಉಳಿದ 3,400ರಲ್ಲಿ ಬಾಡಿಗೆ, ಶಾಲೆ, ಊಟ, ಊರಿನಲ್ಲಿರುವ ಉಪ್ಪ ಉಮ್ಮನ ಮದ್ದು. ಆ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಸಾಮಾನು ಕಟ್ಟಿ ಊರಿಗೆ ಬಂದದ್ದು ಇದರಿಂದಲೇ. ಗಂಡಂದಿರು ಮಾತ್ರ ಮತ್ತೆ ಬ್ಯಾಚುಲರ್ ರೂಮಿಗೆ ಹೋದರು.

ಹಾಗಾದರೆ ಮಂಗಳೂರು ಅಗ್ಗವಾ? ಬಂದು ನೋಡಿದವರಿಗೆ ಗೊತ್ತು. ಅಲ್ಲಿ ಖಾಸಗಿ ಕಂಪೆನಿಯಲ್ಲಿ ದುಡಿಯುವವನಿಗೆ ಆರೋಗ್ಯ ವಿಮೆ ಕಡ್ಡಾಯ. ಇಲ್ಲಿ ಆಸ್ಪತ್ರೆಗಳಿಗೆ ಕೊರತೆ ಇಲ್ಲ, ಆದರೆ ವಿಮೆ ಮಾಡಿಸದ ಮನೆಗೆ ಒಂದು ಆಪರೇಶನ್ ಬಂದರೆ ಬಂಗಾರ ಬ್ಯಾಂಕಿಗೆ ಹೋಗುತ್ತದೆ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ, ನಮ್ಮ ಊರಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಇಂಗ್ಲಿಷ್ ಮೀಡಿಯಂ ಶಾಲೆಯ ಫೀಸು, ವ್ಯಾನ್, ಟ್ಯೂಶನ್ ಬೇರೆ. ಇದರ ಮೇಲೆ ಇನ್ನೊಂದು ಖರ್ಚು ಇದೆ, ಅದನ್ನು ಯಾರೂ ಬರೆದಿಡುವುದಿಲ್ಲ. ಅದು 'ಗಲ್ಫಿನವರ ಮನೆ' ಎಂಬ ಹೆಸರಿನ ಖರ್ಚು. ಮದುವೆಗೆ ಕೊಡುವ ಉಡುಗೊರೆ, ಸಂಬಂಧಿಕರ ಸಾಲ, ವಾರಕ್ಕೊಮ್ಮೆ ಓಡುವ ಕಾರಿನ ಕಂತು, ಅಕ್ಕಪಕ್ಕದವರನ್ನು ನೋಡಿ ಎಬ್ಬಿಸಿದ ಎರಡನೇ ಮಹಡಿ. ಜುಬೈಲಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇದ್ಯಾವುದೂ ಇಲ್ಲ.

ಈಗ ಹಣ ಬಿಟ್ಟು ಬದುಕಿಗೆ ಬರೋಣ. ಅಲ್ಲಿ ಸಂಜೆ ಉಪ್ಪ ಮನೆಗೆ ಬರುತ್ತಾನೆ. ಮಕ್ಕಳನ್ನು ಕಡಲ ಬದಿಗೆ ಕರೆದುಕೊಂಡು ಹೋಗುತ್ತಾನೆ. ಮಕ್ಕಾ ಸುಮಾರು 1,300 ಕಿ.ಮೀ., ರಜೆ ಸಿಕ್ಕರೆ ಕುಟುಂಬ ಸಮೇತ ಉಮ್ರಾಕ್ಕೆ ರಸ್ತೆಯಲ್ಲೇ ಹೋಗಬಹುದು. ಆದರೆ ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡಲಾಗದು. ಹೆಂಡತಿಗೆ ನಾಲ್ಕು ಗೋಡೆಯ ನಡುವೆ ಮಾತಿಗೆ ಜನ ಇಲ್ಲ, ಹೆರಿಗೆ ಬಾಣಂತನಕ್ಕೆ ಉಮ್ಮ ಹತ್ತಿರ ಇಲ್ಲ. ಮಂಗಳೂರಿನಲ್ಲಿ ಉಮ್ಮಾಮ ಇದ್ದಾಳೆ, ನೆರೆಕರೆ ಇದೆ, ಮಳೆ ಇದೆ, ಮದ್ರಸ ಇದೆ. ಇಲ್ಲದಿರುವುದು ಉಪ್ಪ ಒಬ್ಬನೇ.

ಆ ಒಬ್ಬ ಇಲ್ಲದಿರುವುದು ಏನೆಂದು ಮದ್ರಸದಲ್ಲಿ ಕೂತರೆ ಕಾಣುತ್ತದೆ. ಸಣ್ಣ ಮಕ್ಕಳಿಗೆ ಉಪ್ಪ ಎಂದರೆ ಫೋನಿನಲ್ಲಿ ಬರುವ ಮುಖ. ರಜೆಗೆ ಬಂದ ಉಪ್ಪನ ಹತ್ತಿರ ಮೊದಲ ವಾರ ಮಗು ಹೋಗುವುದೇ ಇಲ್ಲ, ಸರಿಯಾಗಿ ಹಚ್ಚಿಕೊಳ್ಳುವಾಗ ರಜೆ ಮುಗಿಯುತ್ತದೆ. ದೊಡ್ಡ ಹುಡುಗರದ್ದು ಬೇರೆ ಕಥೆ. ಹದಿನಾಲ್ಕು ಹದಿನೈದರ ಹುಡುಗ ಬೈಕಿನ ಕೀಲಿ ಹಿಡಿದು ಹೊರಟರೆ ತಡೆಯುವ ಸ್ವರ ಮನೆಯಲ್ಲಿಲ್ಲ. ಉಮ್ಮ ಒಬ್ಬಳೇ ಉಮ್ಮನೂ ಆಗಬೇಕು, ಉಪ್ಪನೂ ಆಗಬೇಕು. ಎರಡು ವರ್ಷಕ್ಕೆ ಎರಡು ತಿಂಗಳ ರಜೆ ಎಂದರೆ ಹನ್ನೆರಡು ವರ್ಷದಲ್ಲಿ ಉಪ್ಪ ಮಕ್ಕಳೊಂದಿಗೆ ಇದ್ದದ್ದು ಒಂದೇ ವರ್ಷ. ಇದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಎಲ್ಲರೂ ಫ್ಯಾಮಿಲಿ ಕರೆಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಎಲ್ಲ ಹುದ್ದೆಗೂ ಫ್ಯಾಮಿಲಿ ವೀಸಾ ಸಿಗುವುದಿಲ್ಲ. ವಿಸಿಟ್ ವೀಸಾಕ್ಕೆ ಲೆವಿ ಇಲ್ಲ, ಆದರೆ ನಿಯಮ ಆಗಾಗ ಬದಲಾಗುತ್ತದೆ, ಮಕ್ಕಳ ಶಾಲೆಯ ವರ್ಷಕ್ಕೂ ಹೊಂದುವುದಿಲ್ಲ. ಆದರೆ ಆಯ್ಕೆ ಇರುವವರು ಊರುಗಳ ಹೋಲಿಕೆ ಬಿಟ್ಟು ಮಕ್ಕಳ ಪ್ರಾಯ ನೋಡಿ ತೀರ್ಮಾನ ಮಾಡುವುದು ಒಳ್ಳೆಯದು. ಮಕ್ಕಳು ಸಣ್ಣವರಿರುವಾಗ ಫೀಸು ಕಡಿಮೆ, ಉಪ್ಪ ಬೇಕಾಗುವುದು ಹೆಚ್ಚು. ಉಳಿತಾಯ ಕಡಿಮೆಯಾದರೂ ಆ ಕೆಲವು ವರ್ಷ ಒಟ್ಟಿಗೆ ಕಳೆದರೆ ನಷ್ಟವಲ್ಲ.

ವಾಪಸ್ ಬರುವ ಸಮಯಕ್ಕೂ ಒಂದು ಲೆಕ್ಕ ಇದೆ, ಬಹಳ ಮಂದಿಗೆ ಇದು ತಡವಾಗಿ ತಿಳಿಯುತ್ತದೆ. ನಮ್ಮಲ್ಲಿ ಸಿಇಟಿಯ ಸರಕಾರಿ ಸೀಟಿಗೆ ಮೊದಲ ನಿಯಮ, 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸೆಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲೇ ಪಾಸಾಗಿರಬೇಕು. ಆರನೇ ತರಗತಿಗೆ ಊರಿಗೆ ಬಂದರೆ ಪಿಯುಸಿಗೆ ಸರಿಯಾಗಿ ಏಳು ವರ್ಷ. ಎಂಟನೆಯದಕ್ಕೆ ಬಂದರೆ ಐದೇ ವರ್ಷ. ಬೇರೆ ಉಪನಿಯಮಗಳೂ ಇವೆ, ಕೆಇಎ ಮಾಹಿತಿ ಪುಸ್ತಕ ಮೊದಲೇ ಓದಿಕೊಳ್ಳಿ. ಈ ಅರ್ಹತೆ ತಪ್ಪಿದರೆ ಖಾಸಗಿ ಸೀಟಿಗೆ ಕೊಡುವ ಹಣ ಹತ್ತು ವರ್ಷದ ಉಳಿತಾಯವನ್ನೇ ನುಂಗಬಹುದು.

ಹಾಗಾಗಿ ಗಂಡ ಹೆಂಡತಿ ಈ ರಜೆಯಲ್ಲಿ ಒಂದು ಪುಸ್ತಕ ಹಿಡಿದು ಕೂರಲಿ. ಅಲ್ಲಿನ ಖರ್ಚು, ಇಲ್ಲಿನ ಖರ್ಚು, ಮಕ್ಕಳ ತರಗತಿ, ವಯಸ್ಸಾದವರ ಆರೋಗ್ಯ, ಊರಿಗೆ ಮರಳುವ ವರ್ಷ, ಎಲ್ಲವನ್ನೂ ಬರೆಯಲಿ. ಮಾವ, ಮೈದುನ, ನೆರೆಯವರ ಸಲಹೆ ಆಮೇಲೆ ಕೇಳಬಹುದು. ಮರಳುವ ವರ್ಷ ಬರೆದಿಡದ ಮನೆಯಲ್ಲಿ 'ಇನ್ನು ಎರಡೇ ವರ್ಷ' ಎಂಬ ಮಾತು ಇಪ್ಪತ್ತು ವರ್ಷ ನಡೆಯುತ್ತದೆ.