ಜೋಳದ ಮೇಷ್ಟ್ರು ಗೆಬಿಸಾ ಎಜೆಟಾ

ಹೈದರಾಬಾದಿನಲ್ಲಿರೋ ನಮ್ಮವರು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಹೆಸರು ಕೇಳಿರ್ತೀರಿ. ಜೋಳ, ತೊಗರಿಯಂಥ ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ. ಅದರ ಪರವಾಗಿ ಸುಡಾನ್‌ನಲ್ಲಿ ದುಡಿದ ಇಥಿಯೋಪಿಯಾದ ಮೇಷ್ಟ್ರೊಬ್ಬರನ್ನ ಇವತ್ತು ಪರಿಚಯ ಮಾಡ್ಕೊಳ್ಳೋಣ.

ಗೆಬಿಸಾ ಎಜೆಟಾ ಹುಟ್ಟಿದ್ದು 1950ರಲ್ಲಿ, ಒಂದೇ ಕೋಣೆಯ ಹುಲ್ಲಿನ ಗುಡಿಸಲಲ್ಲಿ. ಶಾಲೆ 20 ಕಿ.ಮೀ. ದೂರ. ವಾರವೆಲ್ಲ ಅಲ್ಲೇ ಇದ್ದು, ರಜಕ್ಕೆ ನಡೆದೇ ಮನೆಗೆ ಬರ್ತಿದ್ದರು. ಮಗ ಓದಲೇಬೇಕು ಅನ್ನೋದು ತಾಯಿಯ ಹಟ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ ಸುಡಾನ್‌ಗೆ ಹೋದರು. ಬರ ತಾಳುವ ಅವರ ಹೈಬ್ರಿಡ್ ಜೋಳ 1983ರಲ್ಲಿ ಬಿಡುಗಡೆಯಾಯಿತು. ಮರುವರ್ಷ ಪರ್ಡ್ಯೂನಲ್ಲೇ ಪ್ರಾಧ್ಯಾಪಕರಾದರು.

ಬರದ ಜೊತೆಗೆ ಇನ್ನೊಂದು ಕಾಟ, ಸ್ಟ್ರೈಗಾ ಅನ್ನೋ ಕಳೆ. ನಮ್ಮ ಕಡೆಯ ಜೋಳದ ಹೊಲಗಳಲ್ಲೂ ಇದೆ. ಇದು ಕೆಲಸ ಮಾಡೋ ರೀತಿ ನೋಡಿ: ಜೋಳದ ಬೇರು ಮಣ್ಣಿಗೆ ಒಂದು ರಾಸಾಯನಿಕ ಬಿಡುತ್ತೆ. ಕಳೆಗೆ ಅದೇ ಸಿಗ್ನಲ್. ವರ್ಷಗಟ್ಟಲೆ ಮಣ್ಣಲ್ಲಿ ಮಲಗಿದ್ದ ಬೀಜ ಮೊಳೆತು, ಬೇರಿಗೆ ಅಂಟಿಕೊಂಡು ನೀರು, ಸಾರ ಎಲ್ಲಾ ಹೀರುತ್ತೆ. ಎಜೆಟಾ ಮತ್ತು ಸಹೋದ್ಯೋಗಿಗಳು ಆ ಸಿಗ್ನಲ್ ತೀರಾ ಕಡಿಮೆ ಬಿಡುವ ತಳಿಗಳನ್ನು ರೂಪಿಸಿದರು. ಸಿಗ್ನಲ್ ಸಿಗದಿದ್ರೆ ಕಳೆ ಏಳೋದೇ ಇಲ್ಲ! ಕಳೆನಾಶಕ ಕೊಳ್ಳಲು ಕಾಸಿಲ್ಲದ ರೈತನಿಗೆ ಬೀಜದೊಳಗೇ ರಕ್ಷಣೆ.

2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಆಫ್ರಿಕಾದ ಎಷ್ಟೋ ವಿದ್ಯಾರ್ಥಿಗಳಿಗೆ ತಳಿ ವಿಜ್ಞಾನ ಕಲಿಸಿದ್ದೂ ಅಷ್ಟೇ ದೊಡ್ಡ ಕೆಲಸ.

ಸಾಮಾಜಿಕ ನ್ಯಾಯ ಅಂದ್ರೆ ಭಾಷಣವೇ ಆಗಬೇಕಿಲ್ಲ. ಊರು ಬಿಟ್ಟ ಈ ಮೇಷ್ಟ್ರು, ಊರಿನವರ ಹಸಿವನ್ನೇ ತಮ್ಮ ಸಂಶೋಧನೆಯ ಪ್ರಶ್ನೆ ಮಾಡ್ಕೊಂಡರು. ಊರು ಬಿಟ್ಟು ಬಂದ ನಾವು ಯಾವ ಪ್ರಶ್ನೆ ಜೊತೆಗೆ ತಂದಿದ್ದೀವಿ? ಯೋಚಿಸಿ, ಮತ್ತೆ ಸಿಗೋಣ.