ಗದ್ದೆಯ ಕಪ್ಪೆ ಮತ್ತು ಗೊಬ್ಬರದಂಗಡಿಯ ಪುಡಿ

ಸಿರುಗುಪ್ಪದ ನಮ್ಮ ಗದ್ದೆಯಲ್ಲಿ ಭತ್ತದ ಎಲೆ ಅಂಚಿನಿಂದ ಒಣಗ್ತಾ ಬಂದರೆ ಅಪ್ಪ ಗೊಬ್ಬರದ ಅಂಗಡಿಯಿಂದ ಒಂದು ಪುಡಿ ಪೊಟ್ಟಣ ತರ್ತಿದ್ರು. ಕುರುಗೋಡಿನ ಸೋದರಮಾವ ಅದನ್ನೇ ಮೆಣಸಿನಕಾಯಿಗೂ ಹೊಡೀತಿದ್ರು. ಕಾಲೇಜಿಗೆಂದು ಬಳ್ಳಾರಿಗೆ ಬಂದ ಮೇಲಷ್ಟೇ ನಾನು ಆ ಪೊಟ್ಟಣವನ್ನ ಸರಿಯಾಗಿ ಓದಿದ್ದು: ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರಿಗೆ ಕೊಡುವ ಆಂಟಿಬಯೋಟಿಕ್. 1943ರಲ್ಲಿ ಪತ್ತೆಯಾದ ಸ್ಟ್ರೆಪ್ಟೊಮೈಸಿನ್, ಕ್ಷಯರೋಗವನ್ನು ಮೊದಲು ಮಣಿಸಿದ ಔಷಧಿ. ಮೆಡಿಕಲ್ ಶಾಪಿನಲ್ಲಿ ಅದಕ್ಕೆ ಡಾಕ್ಟರ ಚೀಟಿ ಬೇಕು. ಗೊಬ್ಬರದ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಾಕಿತ್ತು.

ಅದರಿಂದೇನು ಅಂತೀರಾ? ಗದ್ದೆಯ ಮಣ್ಣು ನೀರಲ್ಲಿ ಅಸಂಖ್ಯ ಬ್ಯಾಕ್ಟೀರಿಯಾ ಇರ್ತವೆ. ಔಷಧಿ ಬಿದ್ದಾಗ ತಡೆದುಕೊಳ್ಳುವ ಗುಣ ಇದ್ದವು ಉಳಿದು ಬೆಳೆಯುತ್ತವೆ. ಆ ಗುಣದ ಜೀನನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ದಾಟಿಸಬಲ್ಲವು. ಗದ್ದೆಯಲ್ಲಿ ಹುಟ್ಟಿದ್ದು ಗದ್ದೆಯಲ್ಲೇ ಉಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಅಂದಾಜು 12.7 ಲಕ್ಷ ಜನ ಸತ್ತರು.

ಹೊಸ ಔಷಧಿ ಇಲ್ವಾ? ಮಳೆ ಬಿದ್ದಾಗ ಅದೇ ಗದ್ದೆಯಲ್ಲಿ ವಟಗುಟ್ಟುವ ದಪ್ಪ ಕಪ್ಪೆಯನ್ನ ನೋಡಿ. 2001ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಅದರ ಚರ್ಮದ ಸ್ರಾವದಲ್ಲಿ ‘ಟೈಗರಿನಿನ್’ ಎಂಬ ಪೆಪ್ಟೈಡ್‌ಗಳಿರುವುದನ್ನು ವರದಿ ಮಾಡಿದರು. ಪೆಪ್ಟೈಡ್ ಅಂದರೆ ಪ್ರೋಟೀನಿನ ತುಣುಕು. ಇವುಗಳಲ್ಲಿ ಇರೋದು ಬರೀ 11–12 ಅಮೈನೋ ಆಮ್ಲ. ಇಂಥ ಪೆಪ್ಟೈಡ್‌ಗಳು ನಮ್ಮ ಚರ್ಮ, ಕರುಳಲ್ಲೂ ಇವೆ. ಹೆಚ್ಚಿನವುಗಳ ಮೇಲೆ ಧನ ವಿದ್ಯುದಾವೇಶ, ಬ್ಯಾಕ್ಟೀರಿಯಾದ ಪೊರೆಯ ಮೇಲೆ ಋಣ. ಹಾಗಾಗಿ ಅವು ಅಂಟಿಕೊಂಡು ಪೊರೆಯನ್ನೇ ಹರಿದುಹಾಕುತ್ತವೆ. ಇಡೀ ಪೊರೆಯನ್ನು ಬದಲಿಸಿಕೊಳ್ಳೋದು ಬ್ಯಾಕ್ಟೀರಿಯಾಗೆ ಸುಲಭವಲ್ಲ.

ಹಾಗಂತ ಅಸಾಧ್ಯವೂ ಅಲ್ಲ. ಕೊಲಿಸ್ಟಿನ್ ಕೂಡ ಪೆಪ್ಟೈಡ್ ಜಾತಿಯದೇ. ಐಸಿಯುಗಳ ಕೊನೆಯ ಅಸ್ತ್ರ. ಅದನ್ನ ಕೋಳಿ, ಹಂದಿಗಳ ಮೇವಿಗೆ ಬೆರೆಸಿದರು. 2015ರಲ್ಲಿ ಚೀನಾದಲ್ಲಿ ಎಂಸಿಆರ್-1 ಜೀನ್ ಸಿಕ್ಕಿತು. ಅದು ಪೊರೆಯ ಋಣ ಆವೇಶವನ್ನೇ ತಗ್ಗಿಸುತ್ತೆ, ಆಗ ಕೊಲಿಸ್ಟಿನ್ ಸರಿಯಾಗಿ ಅಂಟಲ್ಲ. 2019ರಲ್ಲಿ ಭಾರತ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡೋದನ್ನ ನಿಷೇಧಿಸಿತು. ಕಪ್ಪೆಯ ಪೆಪ್ಟೈಡ್ ನಾಳೆ ಔಷಧಿಯಾದರೂ, ಬಳಸುವ ರೀತಿ ಬದಲಾಗದಿದ್ದರೆ ಅದಕ್ಕೂ ಇದೇ ಗತಿ.

2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯದ ಕರಡು ಆದೇಶ ಹೇಳಿದ್ದು: 2024ರ ಜನವರಿಯಿಂದ ಈ ಎರಡು ಆಂಟಿಬಯೋಟಿಕ್ ಬೆಳೆಗೆ ಬೇಡ. ಒಳ್ಳೇದೇ. ಆದರೆ ಎಲೆ ಒಣಗುವಾಗ ರೈತ ಏನು ಮಾಡಬೇಕು? ಉತ್ತರ ಇದೆ. ಅದೇ ಸಿಸಿಎಂಬಿ, ಭತ್ತ ಸಂಶೋಧನಾ ನಿರ್ದೇಶನಾಲಯದ ಜೊತೆ ಸೇರಿ ಈ ದುಂಡಾಣು ಅಂಗಮಾರಿ ತಡೆಯುವ ‘ಸುಧಾರಿತ ಸಾಂಬಾ ಮಸೂರಿ’ ತಳಿ ಕೊಟ್ಟಿತು, ಬಿಡುಗಡೆಯಾಗಿದ್ದು 2008ರಲ್ಲಿ. ನಮ್ಮ ಕಡೆ ಬೆಳೆಯುವ ಬಿಪಿಟಿ ಭತ್ತಕ್ಕೇ ರೋಗ ತಡೆಯುವ ಮೂರು ಜೀನ್ ಸೇರಿಸಿದ ತಳಿ ಅದು. ಯೂರಿಯಾ ಮಿತವಾಗಿ ಹಾಕಿದರೂ ರೋಗ ತಗ್ಗುತ್ತೆ.

ಅಪ್ಪನಿಗೆ ಆ ತಳಿಯ ಹೆಸರು ಹೇಳಿದ್ದು ನಾನು, ಅದೂ ಇಷ್ಟು ವರ್ಷ ಆದಮೇಲೆ. ಪುಡಿ ಪೊಟ್ಟಣ ಮಾತ್ರ ಯಾವತ್ತೂ ಊರಿನ ಅಂಗಡಿಯಲ್ಲೇ ಸಿಗ್ತಿತ್ತು. ರೈತರನ್ನು ಬೈಯೋ ಮುಂಚೆ ಈ ಲೆಕ್ಕ ಕೇಳೋಣ: ಬೀಜ ಯಾಕೆ ಬರಲಿಲ್ಲ?